ನಿಮಗಿದು ಗೊತ್ತೆ? ಟೆಸ್ಟೋಸ್ಟೆರಾನ್ ಚಿಕಿತ್ಸೆಯ ಮಿತಿ
1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಜ್ಞಾನಿಗಳು ಹೋರಿಗಳ ವೃಷಣಗಳಿಂದ ಬೇರ್ಪಡಿಸಿದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು, ಅಂದರೆ ಗ್ರಂಥಿಯಿಂದ ನೇರವಾಗಿ ರಕ್ತ ಸೇರುವ ಚೋದಕ, ಕೊರತೆಯಿರುವ ಪುರುಷರಿಗೆ ಔಷಧವಾಗಿ ದೊರೆತಾಗ ಲೈಂಗಿಕ ಆಸಕ್ತಿಯನ್ನು ಹೆಚ್ಚಿಸುತ್ತದೆಯಾದರೂ, ನಿಮಿರುವಿಕೆಯು ರಕ್ತನಾಳ ಹಾಗೂ ನರಗಳನ್ನೂ ಅವಲಂಬಿಸಿರುವುದರಿಂದ, ಅವು ಹಾನಿಗೊಂಡಿರಬಹುದಾದ ಮಧುಮೇಹಿಗಳಲ್ಲಿ ನಿಮಿರುವಿಕೆಗೆ ಈ ಔಷಧದ ಪ್ರಯೋಜನ ಸಾಮಾನ್ಯವಾಗಿ ಕಡಿಮೆ. ಹೊರಗಿನಿಂದ ಕೊಟ್ಟ ಈ ಹಾರ್ಮೋನು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕಳುಹಿಸುವ ಸಂಕೇತಗಳನ್ನು ತಗ್ಗಿಸಿ ವೀರ್ಯಾಣುಗಳ ಉತ್ಪತ್ತಿಯನ್ನು ಕುಂದಿಸುವುದರಿಂದ, ಮಕ್ಕಳನ್ನು ಬಯಸುವವರಿಗೆ ಈ ಚಿಕಿತ್ಸೆ ಸಲ್ಲದು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಮಟ್ಟ ಬೆಳಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುವ ಕಾರಣ, ಯಾದಗಿರಿ ಜಿಲ್ಲೆಯ ಕಕ್ಕೇರಾದಂತಹ ಊರುಗಳಿಂದ ದೂರದ ಪ್ರಯೋಗಾಲಯಕ್ಕೆ ಹೋಗುವವರು ಬೆಳಗ್ಗೆ 10 ಗಂಟೆಯೊಳಗೆ ಪರೀಕ್ಷೆಗೆ ರಕ್ತ ಕೊಡುವುದು ಒಳ್ಳೆಯದು. ಬೇರೆ ಬೇರೆ ದಿನಗಳ ಎರಡು ಪರೀಕ್ಷೆಗಳಲ್ಲೂ ಕೊರತೆ ಕಂಡುಬಂದು, ಅದರ ಲಕ್ಷಣಗಳೂ ಇದ್ದಾಗ ಮಾತ್ರ ಚಿಕಿತ್ಸೆ ಸೂಕ್ತ.