ಗೋಧಿ ಒಗ್ಗದವರು

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮಲ್ಲಿ ಮನೆಮಾತು. ಹಿತವಾದುದನ್ನು ಉಣ್ಣಬೇಕು, ಮಿತವಾಗಿ ಉಣ್ಣಬೇಕು ಎಂಬುದೇ ಈ ಗಾದೆಯ ತಾತ್ಪರ್ಯ. ಆದರೆ ಲೋಕಕ್ಕೆಲ್ಲ ಹಿತವಾದ ಆಹಾರವು ಒಬ್ಬನಿಗೆ ಮಾತ್ರ ಅಹಿತವಾದರೆ ಅವನು ಮಾಡುವುದೇನು? ಗೋಧಿಯು ಜಗತ್ತಿನ ಕೋಟ್ಯಂತರ ಜನರ ಜೀವಾಧಾರ. ಸಾವಿರಾರು ವರ್ಷಗಳಿಂದ ಮನುಷ್ಯನು ಅದನ್ನು ಬಿತ್ತಿ, ಬೆಳೆದು, ಬೀಸಿ, ಸುಟ್ಟು ತಿಂದು ಬದುಕಿದ್ದಾನೆ. ಅದೇ ಗೋಧಿಯ ಒಂದು ತುಣುಕು ಕೆಲವರ ಕರುಳನ್ನು ಒಳಗಿಂದೊಳಗೇ ಸವೆಸುತ್ತದೆ. ಈ ವ್ಯಾಧಿಗೆ ಸೀಲಿಯಾಕ್ ರೋಗವೆಂದು ಹೆಸರು. ಇದನ್ನು ಗುಣಪಡಿಸುವ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಪಥ್ಯವೊಂದೇ ಮದ್ದು, ಅದೂ ಜೀವಮಾನವಿಡೀ.

ಆಹಾರ ಒಗ್ಗದಿರುವುದೆಲ್ಲವೂ ಒಂದೇ ಬಗೆಯದಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರು ಬಹಳ ಮಂದಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಎಳೆತನ ಕಳೆದಂತೆ ಅವರಲ್ಲಿ ಕುಗ್ಗಿರುತ್ತದೆ. ಇಂಥವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಏಕೆಂದರೆ ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯಲ್ಲಿ ಒಂದು ಪಾಲನ್ನು ಆಗಲೇ ಮುಗಿಸಿರುತ್ತವೆ. ಇದರಿಂದ ತೊಂದರೆಯುಂಟು, ಅಪಾಯವಿಲ್ಲ. ಕಡಲೆಕಾಯಿ ಒಗ್ಗದವರ ಸ್ಥಿತಿ ಬೇರೆ. ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು. ಸೀಲಿಯಾಕ್ ರೋಗವು ಈ ಎರಡಕ್ಕಿಂತಲೂ ಭಿನ್ನವಾದುದು. ಅದು ಸದ್ದಿಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ.

ರೋಗವು ಹಳೆಯದು. ಕ್ರಿಸ್ತಶಕ ಎರಡನೆಯ ಶತಮಾನದಷ್ಟು ಹಿಂದೆಯೇ ಅರಿಟೇಯಸ್ ಎಂಬ ಗ್ರೀಕ್ ವೈದ್ಯನು ಉಂಡದ್ದು ಮೈಗೆ ಹತ್ತದೆ ಸೊರಗುವ ಇಂಥ ರೋಗಿಗಳನ್ನು ವರ್ಣಿಸಿದ್ದಾನೆ. ಗ್ರೀಕ್ ಭಾಷೆಯಲ್ಲಿ ಹೊಟ್ಟೆಗೆ ಇರುವ ಹೆಸರೇ ರೋಗದ ಹೆಸರಿಗೆ ಮೂಲವಾಯಿತು. ಬಹುಕಾಲದ ಮೇಲೆ, ೧೮೮೭ರಲ್ಲಿ, ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ಈ ರೋಗವನ್ನು ಕುರಿತು ಉಪನ್ಯಾಸ ಮಾಡಿದನು. ರೋಗ ವಾಸಿಯಾಗುವುದಾದರೆ ಅದು ಆಹಾರದಿಂದಲೇ ಆಗಬೇಕೆಂದು ಅವನು ಸರಿಯಾಗಿಯೇ ಊಹಿಸಿದ್ದನು. ಯಾವ ಆಹಾರದಿಂದ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಹಾಲೆಂಡಿನ ಕಡಲಿನ ಚಿಪ್ಪುಜೀವಿಗಳನ್ನು ಪ್ರತಿದಿನವೂ ತಿಂದು ಒಂದು ಮಗು ಚೆನ್ನಾಗಿ ಚೇತರಿಸಿಕೊಂಡಿತು. ಅವು ದೊರೆಯುವ ಕಾಲ ಮುಗಿದೊಡನೆ ರೋಗ ಮರುಕಳಿಸಿತು. ಮರುವರ್ಷ ಅವನ್ನು ಮತ್ತೆ ತಿನ್ನಲು ಮಗು ಒಪ್ಪಲೇ ಇಲ್ಲ. ಪಥ್ಯದ ನಿಜವಾದ ಕಷ್ಟವೇನೆಂಬುದನ್ನು ಆ ಮಗು ಆಗಲೇ ತೋರಿಸಿಕೊಟ್ಟಿತೆನ್ನಬೇಕು.

೧೯೨೪ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯನು ಬಾಳೆಹಣ್ಣಿನ ಪಥ್ಯವನ್ನು ಪ್ರಚಾರಕ್ಕೆ ತಂದನು. ಬ್ರೆಡ್ಡು, ಬಿಸ್ಕತ್ತುಗಳನ್ನು ಬಿಡಿಸಿ ಯಥೇಚ್ಛವಾಗಿ ಬಾಳೆಹಣ್ಣು ತಿನ್ನಿಸಿದಾಗ, ಸಾಯುವಂತಿದ್ದ ಮಕ್ಕಳು ಬದುಕಿಕೊಂಡರು. ಬಾಳೆಹಣ್ಣಿನಲ್ಲಿ ಏನೋ ವಿಶೇಷ ಶಕ್ತಿಯಿದೆಯೆಂದು ಜನ ನಂಬಿದರು. ನಿಜವಾಗಿ ಆ ಹಣ್ಣು ಉಪಕಾರ ಮಾಡಿದ್ದು ಅದರಲ್ಲಿ ಇದ್ದುದರಿಂದಲ್ಲ, ಇಲ್ಲದುದರಿಂದ. ಇದನ್ನು ಅರಿಯದೆ, ಮಗು ಗುಣವಾಯಿತೆಂದು ಮತ್ತೆ ಬ್ರೆಡ್ಡು ಕೊಟ್ಟಾಗ ರೋಗವೂ ಹಿಂದಿರುಗುತ್ತಿತ್ತು.

ಈ ಒಗಟನ್ನು ಬಿಡಿಸಿದವನು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕೆ. ೧೯೦೫ರಲ್ಲಿ ಹುಟ್ಟಿದ ಈತ ಮೂವತ್ತರ ಆಸುಪಾಸಿನಲ್ಲಿಯೇ ಯುಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥನಾದನು. ತನ್ನ ಮಗುವಿಗೆ ಬ್ರೆಡ್ಡು ನಿಲ್ಲಿಸಿದರೆ ಮೈಮೇಲಿನ ಗುಳ್ಳೆಗಳು ಇಳಿಯುತ್ತವೆ ಎಂದು ಒಬ್ಬ ತಾಯಿ ಹೇಳಿದ ಮಾತು ಅವನ ಮನಸ್ಸಿನಲ್ಲಿ ನಾಟಿತೆಂದು ಹೇಳುವುದುಂಟು. ದೊಡ್ಡ ವೈದ್ಯರು ತಾಯಂದಿರ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದು ಆ ಕಾಲಕ್ಕೆ ಹೊಸತಲ್ಲ, ಈ ಕಾಲಕ್ಕೂ ಹಳತಾಗಿಲ್ಲ. ಡಿಕೆ ಕಿವಿಗೊಟ್ಟನು. ಗೋಧಿಯನ್ನು ಬಿಟ್ಟ ಪಥ್ಯವನ್ನು ಕೆಲವು ಮಕ್ಕಳಿಗೆ ವಿಧಿಸಿ, ಅದರ ಫಲವನ್ನು ೧೯೪೧ರಲ್ಲಿ ತನ್ನ ನಾಡಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು; ಹಾಲೆಂಡು ಜರ್ಮನರ ವಶದಲ್ಲಿತ್ತು. ೧೯೪೪ರ ಸೆಪ್ಟೆಂಬರಿನಲ್ಲಿ ಅಲ್ಲಿಯ ರೈಲ್ವೆ ನೌಕರರು ಮಿತ್ರರಾಷ್ಟ್ರಗಳಿಗೆ ನೆರವಾಗಲೆಂದು ಮುಷ್ಕರ ಹೂಡಿದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ನಾಡಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆದರು. ಅದರ ಬೆನ್ನಿಗೇ ಬಂದ ಕಠಿಣವಾದ ಚಳಿಯಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಜನ ಸಕ್ಕರೆ ಬೀಟ್‌ರೂಟನ್ನೂ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಹಸಿವಿನಿಂದ ಮಡಿದರು. ಇಡೀ ನಾಡೇ ಹೀಗೆ ಸೊರಗುತ್ತಿದ್ದಾಗ ಡಿಕೆಯ ಆಸ್ಪತ್ರೆಯ ಸೀಲಿಯಾಕ್ ಮಕ್ಕಳು ಮಾತ್ರ ಮೊದಲಿಗಿಂತ ಹೆಚ್ಚು ಸೊರಗಲಿಲ್ಲ. ಬದಲಿಗೆ ಅವರ ರೋಗಲಕ್ಷಣಗಳು ಇಳಿದವು. ಯುದ್ಧ ಮುಗಿದು ಬ್ರೆಡ್ಡು ಮತ್ತೆ ದೊರೆತಾಗ, ಊರಿನ ಮಕ್ಕಳೆಲ್ಲ ಹಿಗ್ಗಿ ತಿಂದು ಪುಷ್ಟರಾದರೆ ಈ ಮಕ್ಕಳು ಮತ್ತೆ ಹಾಸಿಗೆ ಹಿಡಿದರು.

ಕ್ಷಾಮವೇ ರೋಗದ ಕಾರಣವನ್ನು ಕಂಡುಹಿಡಿದುಕೊಟ್ಟಿತೆಂಬ ಕಥೆ ಪ್ರಚಾರದಲ್ಲಿದೆ. ಅದು ಅರ್ಧ ಸತ್ಯ. ಡಿಕೆಯ ಸಂದೇಹ ಕ್ಷಾಮಕ್ಕಿಂತ ಹಿಂದಿನದು. ಕ್ಷಾಮವು ಅದನ್ನು ದೃಢಪಡಿಸಿತು. ಅಷ್ಟಕ್ಕೂ ಅವನು ತೃಪ್ತನಾಗಲಿಲ್ಲ. ವರ್ಷಗಳ ಕಾಲ ಮಕ್ಕಳ ಆಹಾರಕ್ಕೆ ಗೋಧಿಯನ್ನು ಸೇರಿಸಿ, ತೆಗೆದು, ಮತ್ತೆ ಸೇರಿಸಿ, ಅವರ ತೂಕವನ್ನೂ ಬೆಳವಣಿಗೆಯನ್ನೂ ಗುರುತಿಸುತ್ತ ಬಂದನು. ೧೯೫೦ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಈ ವಿಷಯವಾಗಿ ಪ್ರೌಢಪ್ರಬಂಧವನ್ನು ಸಲ್ಲಿಸಿದನು. ವೈಯರ್ಸ್ ಮತ್ತು ವಾನ್ ಡೆ ಕಾಮರ್ ಎಂಬ ಸಹೋದ್ಯೋಗಿಗಳ ಜೊತೆಗೂಡಿ, ಗೋಧಿಯ ಪಿಷ್ಟ ನಿರಪರಾಧಿ, ಅದರಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವೇ ಅಪರಾಧಿ ಎಂದು ತೋರಿಸಿಕೊಟ್ಟನು.

ಗ್ಲುಟೆನ್ ಎಂದರೇನೆಂಬುದನ್ನು ಅರಿಯಲು ಪ್ರಯೋಗಶಾಲೆ ಬೇಡ, ಅಡುಗೆಮನೆಯೇ ಸಾಕು. ಗೋಧಿಹಿಟ್ಟನ್ನು ನಾದಿ ಉಂಡೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ ಕೊನೆಗೆ ರಬ್ಬರಿನಂಥ ಬೂದುಬಣ್ಣದ ಅಂಟು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್. ಚಪಾತಿಯನ್ನು ತೆಳ್ಳಗೆ ಲಟ್ಟಿಸಲು ಬರುವುದು, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಒಳಗಿಟ್ಟುಕೊಂಡು ಹಿಗ್ಗುವುದು, ಬ್ರೆಡ್ಡು ಉಬ್ಬುವುದು, ಎಲ್ಲವೂ ಅದರ ಪ್ರಭಾವವೇ. ಜೋಳದ ಹಿಟ್ಟಿನಲ್ಲಿ ಈ ಅಂಟಿಲ್ಲ. ಅದಕ್ಕಾಗಿಯೇ ಉತ್ತರ ಕರ್ನಾಟಕದ ತಾಯಂದಿರು ಬಿಸಿನೀರು ಹಾಕಿ ಹಿಟ್ಟನ್ನು ನಾದಿ, ರೊಟ್ಟಿಯನ್ನು ಕೈಯಲ್ಲಿ ತಟ್ಟುತ್ತಾರೆ. ರಾಗಿಯಲ್ಲೂ ಅದಿಲ್ಲ. ಹಾಗೆಂದು ಈ ಧಾನ್ಯಗಳು ಗೋಧಿಗಿಂತ ಕೀಳಲ್ಲ. ಸೀಲಿಯಾಕ್ ರೋಗಿಯ ಪಾಲಿಗಂತೂ ಅವೇ ಅಮೃತ. ಆದರೆ ಜವೆಗೋಧಿಯಲ್ಲೂ, ತಣ್ಣನೆಯ ದೇಶಗಳ ರೈ ಎಂಬ ಧಾನ್ಯದಲ್ಲೂ ಗ್ಲುಟೆನ್ನಿನ ಒಡಹುಟ್ಟುಗಳಿರುವುದರಿಂದ ಅವೂ ವರ್ಜ್ಯ.

ಸಣ್ಣಕರುಳಿನ ಒಳಮೈ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯಂತೆ ಅದರ ಮೇಲೆಲ್ಲ ಬೆರಳಿನಾಕಾರದ ಅತಿ ಸಣ್ಣ ಅಂಕುರಗಳಿವೆ. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಒಪ್ಪಿಸುವುದು ಇವುಗಳ ಕೆಲಸ. ಸೀಲಿಯಾಕ್ ರೋಗಿಯ ಕರುಳಿಗೆ ಗ್ಲುಟೆನ್ ಬಂದಾಗ, ಹೊರಗಿನ ಶತ್ರುಗಳನ್ನು ಹೊಡೆದಟ್ಟಬೇಕಾದ ದೇಹದ ರಕ್ಷಣಾವ್ಯವಸ್ಥೆ ದಾರಿತಪ್ಪಿ ತನ್ನ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತದು. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಕುಂಠಿತವಾದ ಬೆಳವಣಿಗೆ, ಟೊಳ್ಳಾದ ಮೂಳೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ರಕ್ತಹೀನತೆಯೊಂದನ್ನು ಬಿಟ್ಟರೆ ಬೇರೆ ಕುರುಹೇ ಇರುವುದಿಲ್ಲ. ಇದು ಹುಟ್ಟಿನಿಂದ ಬರುವ ಒಂದು ಒಲವು. ಅಂಥ ಒಲವಿರುವವರಲ್ಲಿಯೂ ಕೆಲವರಿಗೆ ಮಾತ್ರ ರೋಗ ಬರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವಂಥದಲ್ಲ.

ಇದು ಬಿಳಿಯರ ರೋಗ, ನಮ್ಮ ದೇಶದಲ್ಲಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಸೊರಗಿದ ಮಗುವನ್ನು ಕಂಡರೆ ಜಂತುಹುಳು ಎನ್ನುವುದು, ಆಮಶಂಕೆ ಎನ್ನುವುದು ಸುಲಭವಾಗಿತ್ತು. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ವಯಸ್ಕರಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಕಂಡಿತು. ಉತ್ತರದವರು ತಿನ್ನುವ ಗೋಧಿಯ ಪ್ರಮಾಣ ನಮ್ಮವರಿಗಿಂತ ಎಷ್ಟೋ ಪಾಲು ಹೆಚ್ಚು. ಈ ಅಂತರಕ್ಕೆ ಅದೂ ಒಂದು ಕಾರಣವಿರಬೇಕು. ಆದರೆ ಈಗ ನಮ್ಮ ಊರುಗಳಲ್ಲೂ ಬೆಳಿಗ್ಗೆ ರವೆಯ ಉಪ್ಪಿಟ್ಟು, ಮಧ್ಯಾಹ್ನ ಬಿಸ್ಕತ್ತು, ರಾತ್ರಿ ಚಪಾತಿ ಎಂಬಂತಾಗಿದೆ. ರಕ್ತಪರೀಕ್ಷೆಯಿಂದಲೂ, ಕರುಳಿನ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದಲೂ ರೋಗವನ್ನು ನಿರ್ಣಯಿಸುತ್ತಾರೆ. ಪರೀಕ್ಷೆಗೆ ಮೊದಲೇ ತಾವಾಗಿ ಗೋಧಿಯನ್ನು ಬಿಟ್ಟವರಲ್ಲಿ ರೋಗದ ಗುರುತು ಅಳಿಸಿಹೋಗಿ ವೈದ್ಯರೇ ಮೋಸಹೋಗಬಹುದು. ಆದುದರಿಂದ ಸಂದೇಹ ಬಂದವರು ಮೊದಲು ಪರೀಕ್ಷೆ, ಆಮೇಲೆ ಪಥ್ಯ ಎಂಬ ಕ್ರಮವನ್ನು ತಪ್ಪಬಾರದು.

ಪಥ್ಯ ಹಿಡಿದ ಕೆಲವು ವಾರಗಳಲ್ಲೇ ಹಸಿವು ಮರಳುತ್ತದೆ, ಮುಖ ಕಳೆಗೂಡುತ್ತದೆ. ಕರುಳು ಪೂರ್ತಿ ಮಾಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಕಷ್ಟ ಆರಂಭವಾಗುವುದು ಇಲ್ಲಿಂದ. ಗುಣವಾದಂತೆ ಕಂಡ ಮೇಲೂ ಒಂದು ತುತ್ತನ್ನೂ ಮುಟ್ಟಬಾರದೆಂಬುದನ್ನು ಸುತ್ತಲಿನವರು ಒಪ್ಪುವುದಿಲ್ಲ. ಮಧುಮೇಹಿ ಒಂದು ದಿನ ಒಂದು ಸಿಹಿ ತಿಂದು ಮರುದಿನ ಸರಿದೂಗಿಸಿಕೊಂಡಾನು. ಇಲ್ಲಿ ಆ ಲೆಕ್ಕ ನಡೆಯದು. ದಿನಕ್ಕೆ ೫೦ ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ಸೇವಿಸಿದವರ ಕರುಳು ಹಾಳಾದುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಒಂದು ಹೋಳು ಬ್ರೆಡ್ಡಿನಲ್ಲಿಯೇ ಸುಮಾರು ಎರಡು ಗ್ರಾಂ ಗ್ಲುಟೆನ್ ಇರುತ್ತದೆ. ಎಂದರೆ ಅದರ ನಲವತ್ತನೆಯ ಒಂದು ಪಾಲು, ಒಂದು ಚೂರು, ನಿತ್ಯವೂ ಹೊಟ್ಟೆಗೆ ಸೇರಿದರೆ ಸಾಕು. ಗ್ಲುಟೆನ್ ರಹಿತವೆಂದು ಮಾರುವ ಪದಾರ್ಥದ ಒಂದು ಕಿಲೋಗ್ರಾಮಿನಲ್ಲಿ ಅದು ೨೦ ಮಿಲಿಗ್ರಾಮನ್ನು ಮೀರಬಾರದೆಂದು ನಮ್ಮ ದೇಶದಲ್ಲೂ ನಿಯಮವಿದೆ.

ಸತ್ಯನಾರಾಯಣ ಪೂಜೆಯ ಮನೆಯನ್ನೇ ಊಹಿಸಿಕೊಳ್ಳಬಹುದು. ರವೆ, ಸಕ್ಕರೆ, ತುಪ್ಪ, ಬಾಳೆಹಣ್ಣು ಕೂಡಿದ ಸಜ್ಜಿಗೆಯ ಪರಿಮಳ ಮನೆಯನ್ನೆಲ್ಲ ತುಂಬಿದೆ. ಸಾಲಿನಲ್ಲಿ ಕುಳಿತ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಪ್ರಸಾದಕ್ಕೆ ಕೈಯೊಡ್ಡದೆ ತಲೆ ತಗ್ಗಿಸುತ್ತಾಳೆ. "ದೇವರ ಪ್ರಸಾದ ಬೇಡವೆನ್ನಬಾರದು ಮಗಳೇ, ಒಂದು ಚಿಟಿಕೆ ಬಾಯಿಗೆ ಹಾಕಿಕೋ. ಏನೂ ಆಗುವುದಿಲ್ಲ" ಎಂದು ಹಿರಿಯರು ವಾತ್ಸಲ್ಯದಿಂದಲೇ ಹೇಳುತ್ತಾರೆ. ಹುಡುಗಿ ಉಂಡರೆ ರೋಗ, ಉಣ್ಣದಿದ್ದರೆ ಅವಿಧೇಯತೆ. ಆ ಕ್ಷಣದಲ್ಲಿ ಏನೂ ಆಗದೆಂಬುದು ನಿಜವೂ ಹೌದು. ಆಗುವುದೆಲ್ಲ ಕಣ್ಣಿಗೆ ಕಾಣದ ಕರುಳಿನಲ್ಲಿ. ಹೊಟ್ಟೆನೋವು ಕೂಡಲೆ ಬರುವಂತಿದ್ದರೆ ಹಿರಿಯರಿಗೆ ತಿಳಿಹೇಳುವುದು ಎಷ್ಟೋ ಸುಲಭವಾಗುತ್ತಿತ್ತು. ತಾಯಿಯು ಮುಂದಾಗಿ ಮನೆಯವರಿಗೆ ವಿಷಯ ತಿಳಿಸಿ, ಆ ಹುಡುಗಿಗೆ ನೈವೇದ್ಯದ ಹಣ್ಣನ್ನು ಬೇರೆಯಾಗಿ ಕೊಡಿಸಿದ್ದರೆ ತಲೆ ತಗ್ಗಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಶಾಲೆಯಲ್ಲಿ ಬುತ್ತಿ ಹಂಚಿಕೊಳ್ಳುವ ಗೆಳತಿಯರಿಗೂ ಇದು ತಿಳಿದಿರಬೇಕಾದ ವಿಷಯ. ಗೋಧಿ ಬಿಡುವುದನ್ನು ಒಂದು ಷೋಕಿಯಾಗಿ ಮಾಡಿಕೊಂಡವರೂ ಈಚೆಗೆ ಹೆಚ್ಚಿದ್ದಾರೆ. ಅವರಿಂದಾಗಿ ಅಂಗಡಿಗಳಲ್ಲಿ ಪದಾರ್ಥಗಳೇನೋ ಹೆಚ್ಚಿವೆ. ಆದರೆ ನಿಜವಾದ ರೋಗಿಯ ಮಾತನ್ನೂ ಹೋಟೆಲಿನವರು ಷೋಕಿಯೆಂದೇ ಎಣಿಸುವಂತಾಗಿದೆ.

ತಿನ್ನಲು ಇರುವುದೇನೂ ಕಡಿಮೆಯಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಬೇಳೆಕಾಳು, ತರಕಾರಿ, ಹಾಲು, ಮೊಟ್ಟೆ, ಮೀನು, ಮಾಂಸ ಯಾವುದಕ್ಕೂ ಅಡ್ಡಿಯಿಲ್ಲ. ಇಡ್ಲಿ, ದೋಸೆ, ಅಕ್ಕಿರೊಟ್ಟಿ, ಮುದ್ದೆಗಳ ನಾಡಿನಲ್ಲಿ ಹುಟ್ಟಿದ ರೋಗಿ ಒಂದರ್ಥದಲ್ಲಿ ಭಾಗ್ಯವಂತ. ಉತ್ತರ ಭಾರತದಲ್ಲಿ ನವರಾತ್ರಿಯ ಉಪವಾಸದವರು ಧಾನ್ಯ ಬಿಟ್ಟು ಕುಟ್ಟು, ಸಿಂಘಾಡ, ರಾಜಗಿರಿಗಳ ಹಿಟ್ಟಿನಿಂದ ರೊಟ್ಟಿ, ಪೂರಿ ಮಾಡುತ್ತಾರೆ. ವ್ರತಕ್ಕೆಂದು ಹುಟ್ಟಿದ ಆ ಅಡುಗೆ ಅಲ್ಲಿಯ ಸೀಲಿಯಾಕ್ ರೋಗಿಗಳಿಗೆ ನಿತ್ಯದ ಊಟವಾಗಿ ಒದಗಿದೆ.

ಎಚ್ಚರ ಬೇಕಾಗಿರುವುದು ಮರೆಯಲ್ಲಿರುವ ಗೋಧಿಯ ಬಗ್ಗೆ. ಅಂಗಡಿಯ ಪುಡಿ ಇಂಗಿಗೆ ಮೈದಾ ಬೆರೆಸಿರುವುದು ಸಾಮಾನ್ಯ. ಹೀಗಾಗಿ ನಿರ್ದೋಷವಾದ ತಿಳಿಸಾರೂ ಒಗ್ಗರಣೆಯೊಂದರಿಂದ ಕೆಟ್ಟೀತು. ರಾಗಿಮಾಲ್ಟಿಗೆ ಅಡ್ಡಿಯಿಲ್ಲ, ಆದರೆ ಜವೆಗೋಧಿಯ ಮಾಲ್ಟು ಸೇರಿದ ಪಾನೀಯಗಳು ಕೂಡವು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವುದು, ಚಪಾತಿಯ ಕಾವಲಿಯನ್ನು ತೊಳೆಯದೆ ದೋಸೆ ಹೊಯ್ಯುವುದು, ಒಂದೇ ಸೌಟನ್ನು ಎರಡು ಪಾತ್ರೆಗಳಿಗೆ ಅದ್ದುವುದು, ಇವೆಲ್ಲ ಬೇರೆ ಮನೆಗಳಲ್ಲಿ ಲೆಕ್ಕಕ್ಕೇ ಬಾರದ ಸಂಗತಿಗಳು. ಎಲ್ಲಕ್ಕಿಂತ ಹೆಚ್ಚಿನ ತೊಡಕು ಹಿಟ್ಟಿನ ಗಿರಣಿಯದು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನು ಸುರಿದರೆ ಮೊದಲು ಬೀಳುವ ಸೇರುಗಟ್ಟಲೆ ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಗಿರಣಿಯವನು ಯಂತ್ರವನ್ನು ಚೊಕ್ಕಟ ಮಾಡಿ ಬೆಳಿಗ್ಗೆ ಮೊದಲಿಗೆ ತಮ್ಮ ಧಾನ್ಯವನ್ನು ಹಾಕುವಂತೆ ಮಾತಾಡಿಕೊಂಡ ಮನೆಗಳಿವೆ. ಅದನ್ನೂ ನಂಬದವರು ಮನೆಯಲ್ಲೇ ಸಣ್ಣ ಗಿರಣಿಯೊಂದನ್ನು ಇಟ್ಟುಕೊಂಡು, ಗೋಧಿಯನ್ನು ಅದರ ಹತ್ತಿರಕ್ಕೂ ಬಿಡದೆ, ವಾರಕ್ಕೆ ಬೇಕಾದ ಹಿಟ್ಟನ್ನು ತಾವೇ ಬೀಸಿಕೊಳ್ಳುತ್ತಾರೆ.