ಕೆರೆ ಮೇಲೆ ಬಸ್ಸು, ಗದ್ದೆ ಮೇಲೆ ಸೈಟು

ಹೊಳೆನರಸೀಪುರದಲ್ಲಿ ಯಾರನ್ನಾದರೂ "ಸೈಟಿನ ರೇಟೆಷ್ಟು ಸ್ವಾಮಿ?" ಅಂತ ಕೇಳಿ. "ರೋಡಿಗೆ ಎಷ್ಟು ದೂರದ್ದು?" ಅನ್ನೋದೇ ಮರುಪ್ರಶ್ನೆ. ಹೊಳೆಗೆ ಎಷ್ಟು ದೂರ ಅಂತ ಯಾರೂ ಕೇಳೋದಿಲ್ಲ. ಆದರೆ ಊರಿಗೆ ಹೆಸರು ಕೊಟ್ಟದ್ದೇ ಹೊಳೆ. ಕೋಟೆ, ನರಸಿಂಹಸ್ವಾಮಿ ಗುಡಿ, ಪೇಟೆ ಎಲ್ಲ ಹೇಮಾವತಿಯನ್ನು ನೆಚ್ಚಿ ಬೆಳೆದವು. ಆಮೇಲೆ ಮೈಸೂರು–ಅರಸೀಕೆರೆ ರೈಲು ಬಂತು, ಬಸ್ಸು, ಲಾರಿ ಬಂದವು. ನೆಲದ ಬೆಲೆ ಹೊಳೆದಂಡೆ ಬಿಟ್ಟು ರಸ್ತೆಬದಿಗೆ ಹಾರಿತು.

ಇದರ ದೊಡ್ಡ ರೂಪ ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನಲ್ಲಿ ಕಸುಬೇ ಬೀದಿಯ ಹೆಸರಾಯಿತು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಪೇಟೆಗೆ ನೀರು ಕೊಟ್ಟದ್ದು ಧರ್ಮಾಂಬುಧಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು ನೋಡಿ, ಕೆರೆಯ ಹೂಳೆತ್ತುವ ಗರಜು ಯಾರಿಗೂ ಉಳಿಯಲಿಲ್ಲ. ಒಣಗಿದ ಅಂಗಳ ಪಕ್ಕದಲ್ಲೇ ರೈಲು ನಿಲ್ದಾಣ! ಇನ್ನೇನು ಬೇಕು? ಈಗ ಅಲ್ಲಿರೋದು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆಯನ್ನು ಕೊಂದದ್ದು ದುಷ್ಟರಲ್ಲ, ಲೆಕ್ಕಾಚಾರ. ನೀರು ಬೇರೆ ಕಡೆಯಿಂದ ಸಿಕ್ಕಿದ ಮೇಲೆ ಕೆರೆ ಬರೀ ಖಾಲಿ ಜಾಗ, ಅಷ್ಟೇ.

ನಮ್ಮ ಜಿಲ್ಲೆ ಹೊರತೇ? ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುವವರು ಆ ಹೆಸರನ್ನು ಒಂದು ಸಲ ನಿಧಾನವಾಗಿ ಹೇಳಿ ನೋಡಲಿ.

1979ರಲ್ಲಿ ಗೊರೂರು ಅಣೆಕಟ್ಟು ಮುಗಿದು ನಾಲೆ ನೀರು ಹರಿದಾಗ, ಒಣಭೂಮಿ ಗದ್ದೆಯಾಯಿತು ಅಂತ ರೈತ ಹಿಗ್ಗಿದ. ಅದೇ ಗದ್ದೆ ರಸ್ತೆ ಪಕ್ಕದಲ್ಲಿದ್ದರೆ ಕಥೆ ಬೇರೆ. ಗದ್ದೆಯ ಲೆಕ್ಕ ಎಕರೆಗೆ, ಸೈಟಿನ ಲೆಕ್ಕ ಅಡಿಗೆ. ಭತ್ತ ಎಷ್ಟು ಮೂಟೆ ಬೆಳೆದರೂ ಅಡಿ ಲೆಕ್ಕದ ಮುಂದೆ ನಿಲ್ಲದು. ಮಗಳ ಮದುವೆ, ಬ್ಯಾಂಕಿನ ಸಾಲ ತಲೆ ಮೇಲಿರುವಾಗ ರೈತ ಮಾರಿದರೆ ತಪ್ಪು ಅವನದ್ದು ಅನ್ನಲು ನಮಗೆ ಬಾಯಿ ಬರೋದಿಲ್ಲ.

ಆದರೆ ನೀರಿನ ದಾರಿ ರೈತನ ಸ್ವಂತದ್ದಲ್ಲ, ದಳ್ಳಾಳಿಯದ್ದಂತೂ ಅಲ್ಲವೇ ಅಲ್ಲ. ಭೂಪರಿವರ್ತನೆಯ ಕಡತಕ್ಕೆ ರುಜು ಬೀಳುವ ಮೊದಲು ಕೆರೆ ಅಂಗಳ, ಕಾಲುವೆ ತೋರಿಸುವ ಸರ್ವೆ ನಕ್ಷೆಯನ್ನು ತಾಲ್ಲೂಕು ಕಚೇರಿ ಮತ್ತು ಪುರಸಭೆಯ ಬೋರ್ಡಿಗೆ ಅಂಟಿಸಲಿ. ಸೈಟು ಕೊಳ್ಳುವವರು ಮುಂಗಡ ಕೊಡುವ ಮುಂಚೆ ಅಲ್ಲಿಗೊಮ್ಮೆ ಹೋಗಿ, ತಮ್ಮ ನಂಬರನ್ನು ಹುಡುಕಿ ನೋಡಲಿ.