ಗುಗ್ಗುಲುವೂ ರಾತ್ರಿಯ ಮಾತ್ರೆಯೂ

ನಮ್ಮ ಬಂಧುವರ್ಗದ ಹಿರಿಯರೊಬ್ಬರು, ಎಪ್ಪತ್ತನ್ನು ದಾಟಿದವರು, ಪ್ರಾತಃಕಾಲದಲ್ಲಿ ಬಿಸಿನೀರಿನೊಡನೆ ಯೋಗರಾಜ ಗುಗ್ಗುಲುವಿನ ಎರಡು ಗುಳಿಗೆಗಳನ್ನೂ, ರಾತ್ರಿ ಊಟವಾದ ಬಳಿಕ ಹೃದ್ರೋಗತಜ್ಞರು ಬರೆದುಕೊಟ್ಟ ಅಟೋರ್ವಾಸ್ಟಾಟಿನ್ ಮಾತ್ರೆಯೊಂದನ್ನೂ ವ್ರತದಂತೆ ತಪ್ಪದೆ ಸೇವಿಸುತ್ತಿದ್ದರು. ಮೊದಲನೆಯದು ಮಂಡಿನೋವಿಗೆಂದು ಗ್ರಂಧಿಗೆ ಅಂಗಡಿಯಿಂದ ತಾವೇ ತಂದುಕೊಂಡದ್ದು. ಎರಡನೆಯದು ರಕ್ತದ ಕೊಲೆಸ್ಟರಾಲ್ ಇಳಿಸಲು. ತೊಡೆಗಳಲ್ಲಿ ನೋವು ಕಾಣಿಸಿಕೊಂಡು ಮೆಟ್ಟಿಲೇರುವುದೇ ದುಸ್ತರವಾದಾಗ, “ಬೇರೆ ಏನಾದರೂ ತಗೋತೀರಾ?” ಎಂದು ವೈದ್ಯರು ಕೇಳಿದರೆ, “ಏನೂ ಇಲ್ಲ ಡಾಕ್ಟ್ರೇ” ಎಂದುಬಿಟ್ಟರು. ಅದು ಸುಳ್ಳಲ್ಲ, ಅವರ ಭಾವನೆಯಲ್ಲಿ ಗುಗ್ಗುಲು ಔಷಧವೇ ಅಲ್ಲ, ಮೆಣಸು ಜೀರಿಗೆಗಳ ಪಂಕ್ತಿಗೆ ಸೇರಿದ ಮನೆಯ ವಸ್ತು.

ಗುಗ್ಗುಲುವನ್ನು ಹಳಿಯುವ ಉದ್ದೇಶ ನನಗಿಲ್ಲ. ಸುಶ್ರುತಸಂಹಿತೆಯಲ್ಲಿನ ಮೇದೋರೋಗದ, ಅಂದರೆ ಕೊಬ್ಬು ಕೂಡುವ ರೋಗದ, ವಿವರಣೆಯನ್ನೇ ಕೈದೀವಿಗೆಯಾಗಿ ಹಿಡಿದು, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕಿಯಾದ ಜಿ. ವಿ. ಸತ್ಯವತಿಯವರು ಗುಗ್ಗುಲುವಿನ ಕೊಲೆಸ್ಟರಾಲ್ ಇಳಿಸುವ ಗುಣದ ಬಗ್ಗೆ ಮೊಲಗಳ ಮೇಲೆ ಪ್ರಯೋಗ ನಡೆಸಿ, 1966ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧವು ನಮ್ಮ ವಿಜ್ಞಾನದ ಹೆಮ್ಮೆಯ ಅಧ್ಯಾಯವೇ ಸರಿ. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಮಂದಿಯ ಮೇಲೆ ಎಂಟು ವಾರಗಳ ಕಾಲ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ, ಗುಗ್ಗುಲು ಸೇವಿಸಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವುದಿರಲಿ, ತುಸು ಏರಿತ್ತೆಂದೂ, ಕೆಲವರ ಮೈಮೇಲೆ ದದ್ದುಗಳೆದ್ದವೆಂದೂ ತಿಳಿದುಬಂದಿತು. ಗುಣಕಾರಕವಾಗಬಲ್ಲ ಶಕ್ತಿಯುಳ್ಳ ವಸ್ತುವನ್ನು ನಿರಪಾಯವೆಂದು ಭಾವಿಸುವುದೇ ನಮ್ಮ ಮೂಲ ಪ್ರಮಾದ.

ಸ್ಟಾಟಿನ್ ವರ್ಗದ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್‌ಗಳನ್ನು ಒಡೆದು ಹೊರಹಾಕುವುದು ಮುಖ್ಯವಾಗಿ ಯಕೃತ್ತಿನಲ್ಲೂ ಕರುಳಿನಲ್ಲೂ ಇರುವ ಸಿವೈಪಿ3ಎ4 ಎಂಬ ಕಿಣ್ವ. ಗುಗ್ಗುಲುವಿನ ಸಾರವು ಈ ಕಿಣ್ವವನ್ನು ಪ್ರಚೋದಿಸಬಲ್ಲದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಹಾಗಾದಲ್ಲಿ ಮಾತ್ರೆ ತನ್ನ ಕಾರ್ಯ ಮುಗಿಸುವ ಮೊದಲೇ ದೇಹದಿಂದ ನಿರ್ಗಮಿಸೀತು. ಅನೇಕ ಗುಗ್ಗುಲು ಕಲ್ಪಗಳಲ್ಲಿಯೇ ಸೇರಿರುವ ಹಿಪ್ಪಲಿ, ಮೆಣಸುಗಳ ಪೈಪರೀನ್ ಎಂಬ ಅಂಶವಾದರೋ ಅದೇ ಕಿಣ್ವವನ್ನು ತಡೆಯಬಲ್ಲುದು. ಆಗ ಔಷಧ ರಕ್ತದಲ್ಲಿ ಸಂಗ್ರಹಗೊಂಡು ಸ್ನಾಯುಗಳಿಗೆ ಮುಳುವಾದೀತು. ರೋಸುವಾಸ್ಟಾಟಿನ್ ಬಹುಮಟ್ಟಿಗೆ ಈ ದಾರಿಯನ್ನು ಹಿಡಿಯುವುದಿಲ್ಲ. ಹೀಗೆ ಒಂದೇ ಗುಳಿಗೆ ಯಾವ ಮಾತ್ರೆಯೊಡನೆ ಹೇಗೆ ವರ್ತಿಸೀತೆಂಬುದನ್ನು ಮನೆಯಲ್ಲಿ ಕುಳಿತು ಊಹಿಸುವುದು ಅಸಾಧ್ಯ. ಗುಗ್ಗುಲುವನ್ನು ಸೇವಿಸಿ ಸ್ನಾಯುಗಳು ಕರಗಿಹೋದ ಪ್ರಕರಣವೂ ವೈದ್ಯಪತ್ರಿಕೆಗಳಲ್ಲಿ ದಾಖಲಾಗಿದೆ.

ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಕೆಂಪು ಅಕ್ಕಿಯ ಮಾತ್ರೆಗಳದು ಇನ್ನೊಂದು ಕಥೆ. ಇದು ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲ, ಬೂಷ್ಟು ಬೆಳೆಸಿ ಹುದುಗಿಸಿದ ಚೀನಾದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು, 1987ರಲ್ಲಿ ಅಮೆರಿಕದಲ್ಲಿ ಔಷಧವೆಂದು ಅನುಮತಿ ಪಡೆದ ಲೋವಾಸ್ಟಾಟಿನ್ ಅಲ್ಲದೆ ಬೇರೆಯಲ್ಲ. ವೈದ್ಯರ ಮಾತ್ರೆಯೊಡನೆ ಇದನ್ನು ನುಂಗಿದವರು ತಮಗರಿಯದೆಯೇ ಎರಡು ಸ್ಟಾಟಿನ್‌ಗಳನ್ನು ಸೇವಿಸಿದಂತಾಯಿತು.

ನಮ್ಮ ಹಿರಿಯರ ನೋವು ಸ್ಟಾಟಿನ್ ಒಂದರಿಂದಲೇ ಬಂದಿರಲೂಬಹುದು. ಆದರೆ ಗುಳಿಗೆಯ ಡಬ್ಬಿಯನ್ನು ಸೊಸೆ ವೈದ್ಯರ ಮೇಜಿನ ಮೇಲಿಡುವವರೆಗೆ ಅದನ್ನು ವಿಚಾರಿಸುವ ಅವಕಾಶವೇ ವೈದ್ಯರಿಗಿರಲಿಲ್ಲ. ಆದ್ದರಿಂದ ನನ್ನ ವಿನಂತಿ ಇಷ್ಟೆ: ಚೂರ್ಣ, ಕಷಾಯ, ಗುಳಿಗೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೃದ್ರೋಗತಜ್ಞರಿಗೂ ತೋರಿಸಿರಿ, ಆಯುರ್ವೇದ ಪಂಡಿತರಿಗೂ ತೋರಿಸಿರಿ. ಭಯಪಟ್ಟು ಸ್ಟಾಟಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಮೈಕೈ ನೋವಿನೊಡನೆ ಮೂತ್ರವು ಕಡುಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ, ಮರುದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿರಿ.